ಕಿತ್ತ ಮೇಲೆ ಹಣ್ಣಿನಲ್ಲಿ ಏನು ಉಳಿಯುತ್ತದೆ?

ಓದುಗರ ಪ್ರಶ್ನೆ: ನಾವು ಮೈಸೂರಿನವರು. ಪ್ರತಿ ಮೇ ತಿಂಗಳು ಶ್ರೀನಿವಾಸಪುರದ ಕಡೆಯಿಂದ ನಮ್ಮ ಭಾವ ಎರಡು ಬಾಕ್ಸ್ ಬಾದಾಮಿ ಮಾವಿನಕಾಯಿ ಕಳಿಸುತ್ತಾರೆ. ಹುಲ್ಲಿನಲ್ಲಿ ಅಡೆ ಹಾಕಿ ಹಣ್ಣು ಮಾಡುತ್ತೇವೆ. ಈ ಸಲ ನಮ್ಮವರು ಎಲ್ಲೋ ಓದಿಕೊಂಡು ಬಂದು, "ಕಿತ್ತ ಕ್ಷಣದಿಂದ ವಿಟಮಿನ್ ಹೋಗೋಕೆ ಶುರುವಾಗುತ್ತೆ, ವಾರ ಕಳೆದರೆ ನಾವು ತಿನ್ನೋದು ಬರೀ ಸಕ್ಕರೆ" ಅನ್ನುತ್ತಿದ್ದಾರೆ. ಫ್ರಿಜ್‌ನಲ್ಲಿಟ್ಟರೆ ಉಳಿದದ್ದೂ ಹೋಗುತ್ತೆ ಅಂತ ಪಕ್ಕದ ಮನೆಯವರು. ಮಗಳು ಬೆಳಿಗ್ಗೆ ಏಳಕ್ಕೆ ಪರಂಗಿ ಹೆಚ್ಚಿ ಡಬ್ಬಿಗೆ ಹಾಕಿಕೊಂಡು ಹೋಗಿ ಮಧ್ಯಾಹ್ನ ಒಂದಕ್ಕೆ ತಿನ್ನುತ್ತಾಳೆ. ಅತ್ತೆಗೆ ಶುಗರ್ ಇದೆ, ಆದರೆ ಚುಕ್ಕೆ ಬಿದ್ದ ಏಲಕ್ಕಿ ಬಾಳೆಯೇ ಆಗಬೇಕು. ಅಂಗಡಿ ಹಣ್ಣಿಗೆ ಕಾರ್ಬೈಡ್ ಹಾಕಿರುತ್ತಾರೆ ಅನ್ನೋ ಭಯ ಬೇರೆ. ಇದರಲ್ಲಿ ಯಾವುದು ನಿಜ? ಹಣ್ಣನ್ನು ಯಾವಾಗ, ಹೇಗೆ ತಿಂದರೆ ಒಳ್ಳೆಯದು?

ಉತ್ತರ:

ನಿಮ್ಮವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಆ ಅರ್ಧವೂ ಹೆಚ್ಚಾಗಿ ಒಂದೇ ಒಂದು ವಿಟಮಿನ್‌ಗೆ ಸೇರಿದ್ದು. ಅದು ವಿಟಮಿನ್ ಸಿ. ಮಿಕ್ಕ ಅರ್ಧದಲ್ಲಿ ಕತೆ ಉಲ್ಟಾ. ಕಿತ್ತ ಮೇಲೆಯೇ ಹುಟ್ಟಿಕೊಳ್ಳುವ, ದಿನ ಕಳೆದಂತೆ ಏರುವ ಪೋಷಕಾಂಶಗಳೂ ಮಾವಿನಲ್ಲಿವೆ.

ಮರದಿಂದ ಬಿಡಿಸಿದ ತಕ್ಷಣ ಕಾಯಿ ಸಾಯುವುದಿಲ್ಲ. ಅದು ಉಸಿರಾಡುತ್ತಲೇ ಇರುತ್ತದೆ. ಆಮ್ಲಜನಕ ಒಳಗೆ ತೆಗೆದುಕೊಂಡು, ತನ್ನೊಳಗಿನ ಸಕ್ಕರೆ ಮತ್ತು ಹುಳಿಯನ್ನು ಸುಟ್ಟು, ಇಂಗಾಲದ ಡೈಆಕ್ಸೈಡ್, ನೀರಾವಿ, ಶಾಖ ಹೊರಗೆ ಬಿಡುತ್ತದೆ. ಮರ ಇನ್ನು ಏನೂ ಕಳಿಸುವುದಿಲ್ಲ. ಹಾಗಾಗಿ ಹಿರಿಯರು ಕೂಡಿಟ್ಟ ಗಂಟಿನಲ್ಲಿ ಬದುಕುವ ಮನೆಯಂತೆ ಅದರ ಸಂಸಾರ. ಗಂಟು ಎಷ್ಟು ದೊಡ್ಡದು, ಖರ್ಚು ಎಷ್ಟು ಜೋರು ಅನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ. ಕಾಯಿ ಎಷ್ಟು ಬಲಿತಿತ್ತು ಅನ್ನುವುದು ಗಂಟು. ಎಷ್ಟು ಬಿಸಿಯಲ್ಲಿ ಇಟ್ಟಿರಿ, ಎಷ್ಟು ಪೆಟ್ಟು ಬಿತ್ತು ಅನ್ನುವುದು ಖರ್ಚು. ಹತ್ತು ಡಿಗ್ರಿ ಬಿಸಿ ಏರಿದರೆ ಉಸಿರಾಟದ ವೇಗ ಸುಮಾರು ಎರಡು ಪಟ್ಟು ಅಥವಾ ಅದಕ್ಕೂ ಜಾಸ್ತಿ ಆಗುತ್ತದೆ. ಕೊಯ್ಲಿನ ನಂತರದ ಹಣ್ಣನ್ನು ನೋಡಿಕೊಳ್ಳುವ ನಮ್ಮ ಕೆಲಸದಲ್ಲಿ ಮೊದಲು ಕೇಳುವುದು "ಎಷ್ಟು ದಿನ ಆಯ್ತು?" ಅಂತಲ್ಲ. "ಯಾವ ಹಂತದಲ್ಲಿ ಕಿತ್ತರು, ಎಷ್ಟು ಬಿಸಿಯಲ್ಲಿ ಇಟ್ಟರು?" ಅಂತ.

ಏರುವುದು, ಇಳಿಯುವುದು, ಹಾಗೇ ಇರುವುದು

ಬಾದಾಮಿಯನ್ನೇ ತೆಗೆದುಕೊಳ್ಳೋಣ. ಭಾವ ಕಳಿಸಿದ ಬಲಿತ ಕಾಯಿಯೊಂದನ್ನು ಬಂದ ದಿನವೇ ಕೊಯ್ದು ನೋಡಿ. ತಿರುಳು ಗಟ್ಟಿ. ಸಿಪ್ಪೆಯ ಕಡೆ ಬಿಳಿಚು, ಗೊರಟೆಯ ಹತ್ತಿರ ತಿಳಿ ಹಳದಿ. ಬೆರಳಿಗೆ ಸ್ವಲ್ಪ ಹಿಟ್ಟು ಹಿಟ್ಟಾಗಿ ತಾಗುತ್ತದೆ, ಅದು ಪಿಷ್ಟ. ಅದೇ ಬಾಕ್ಸಿನ ಇನ್ನೊಂದು ಕಾಯಿಯನ್ನು ಹಣ್ಣಾದ ಮೇಲೆ ಕೊಯ್ಯಿರಿ. ಸಿಪ್ಪೆಯಿಂದ ಗೊರಟೆಯವರೆಗೆ ಒಂದೇ ಸಮನೆ ಕೇಸರಿ ಬಣ್ಣ. ಆ ಬಣ್ಣವೇ ಬೀಟಾ ಕ್ಯಾರೊಟೀನ್ ಮತ್ತು ಅದರ ಬಳಗ. ನಮ್ಮ ದೇಹ ಬೀಟಾ ಕ್ಯಾರೊಟೀನ್‌ನಿಂದ ವಿಟಮಿನ್ ಎ ಮಾಡಿಕೊಳ್ಳುತ್ತದೆ. ಹಸಿರು ಕಾಯಿಯಲ್ಲಿ ಇದ್ದದ್ದಕ್ಕಿಂತ ಹಲವು ಪಟ್ಟು ಹೆಚ್ಚು ಕ್ಯಾರೊಟೀನ್ ಹಣ್ಣಿನಲ್ಲಿ ಇರುತ್ತದೆ. ಅದು ಬಂದದ್ದು ನಿಮ್ಮ ಮನೆಯ ಹುಲ್ಲಿನ ಮೇಲೆ, ಮರದ ಮೇಲಲ್ಲ. "ವಾರ ಕಳೆದರೆ ಬರೀ ಸಕ್ಕರೆ" ಅನ್ನುವವರಿಗೆ ಈ ಎರಡು ಹೋಳು ಪಕ್ಕಪಕ್ಕ ಇಟ್ಟು ತೋರಿಸಿ.

ಸಕ್ಕರೆಯೂ ಏರುತ್ತದೆ, ನಿಜ. ಆದರೆ ಅದು ಆಕಾಶದಿಂದ ಇಳಿದದ್ದಲ್ಲ. ಕಾಯಿಯಲ್ಲಿದ್ದ ಪಿಷ್ಟವೇ ಒಡೆದು ಸಕ್ಕರೆ ಆಗುತ್ತದೆ. ಹುಳಿ ಇಳಿಯುತ್ತದೆ, ಯಾಕೆಂದರೆ ಸಿಟ್ರಿಕ್ ಆಮ್ಲ ಮತ್ತು ಮ್ಯಾಲಿಕ್ ಆಮ್ಲವನ್ನು ಹಣ್ಣು ಉಸಿರಾಟಕ್ಕೆ ಬಳಸಿಕೊಳ್ಳುತ್ತದೆ. ಸಿಹಿ ಏರಿ ಹುಳಿ ಇಳಿದಾಗ ನಾಲಿಗೆಗೆ ಸಕ್ಕರೆ ಇನ್ನೂ ಜಾಸ್ತಿ ಇದ್ದಂತೆ ಅನಿಸುತ್ತದೆ. ಇದರ ಜೊತೆ ನೀರೂ ಸ್ವಲ್ಪ ಆರಿ ಹೋಗುತ್ತದೆ, ಹಾಗಾಗಿ ಉಳಿದ ತಿರುಳು ಗಾಢವಾಗುತ್ತದೆ. ಸಿಪ್ಪೆ ಸುಕ್ಕಾದ ಬಾದಾಮಿ ಯಾಕೆ ಅಷ್ಟು ಸಿಹಿ ಅನ್ನುವುದಕ್ಕೆ ಇದೂ ಒಂದು ಕಾರಣ.

ಇನ್ನು ವಿಟಮಿನ್ ಸಿ. ಮಾವಿನಲ್ಲಿ ಇದು ಕಾಯಿಯಲ್ಲೇ ಜಾಸ್ತಿ. ಹಣ್ಣಾಗುತ್ತಾ ಇಳಿಯುತ್ತದೆ. ಹಣ್ಣು ಮರದಲ್ಲೇ ಇದ್ದರೂ ಇಳಿಯುತ್ತದೆ, ಬುಟ್ಟಿಯಲ್ಲಿದ್ದರೂ ಇಳಿಯುತ್ತದೆ. ಹಾಗಾಗಿ ಇದರ ತಪ್ಪನ್ನು ಕೊಯ್ಲಿನ ಮೇಲೆ ಹಾಕುವಂತಿಲ್ಲ. ಮಾಗುವುದರ ಒಂದು ಭಾಗ ಅದು. ಮಾವಿನ ಹಣ್ಣಿನ 100 ಗ್ರಾಂ ತಿರುಳಿನಲ್ಲಿ ಸುಮಾರು 36 ಮಿಲಿಗ್ರಾಂ ವಿಟಮಿನ್ ಸಿ ಇರುತ್ತದೆ ಅಂತ ಪೋಷಕಾಂಶದ ಪಟ್ಟಿಗಳು ಹೇಳುತ್ತವೆ. ತಳಿಯಿಂದ ತಳಿಗೆ ಇದು ಬಹಳ ಬದಲಾಗುತ್ತದೆ.

ಎಲ್ಲ ಹಣ್ಣೂ ಮಾವಿನಂತೆ ಅಂದುಕೊಳ್ಳಬೇಡಿ. ಪರಂಗಿಯಲ್ಲಿ ಹಣ್ಣಾಗುತ್ತಾ ವಿಟಮಿನ್ ಸಿ ಏರುತ್ತದೆ. 100 ಗ್ರಾಂಗೆ 60 ಮಿಲಿಗ್ರಾಂ ಆಸುಪಾಸು ಬರುತ್ತದೆ. ಕೆಂಪು ತಿರುಳಿನ ಪರಂಗಿಯಲ್ಲಿ ಟೊಮೆಟೊಗೆ ಬಣ್ಣ ಕೊಡುವ ಲೈಕೊಪೀನ್ ಕೂಡ ಮಾಗುವಾಗಲೇ ತುಂಬಿಕೊಳ್ಳುತ್ತದೆ. ಸೀಬೆಯಲ್ಲಿ ವಿಟಮಿನ್ ಸಿ ದೋರೆಗಾಯಿ ಮತ್ತು ಹಣ್ಣಿನ ಹಂತದಲ್ಲಿ ಚೆನ್ನಾಗಿದ್ದು, ತೀರಾ ಕಳಿತಾಗ ಇಳಿಯುತ್ತದೆ. ಬಾಳೆಯಲ್ಲಿ ವಿಟಮಿನ್ ಸಿ ಮೊದಲೇ ಕಡಿಮೆ, 100 ಗ್ರಾಂಗೆ ಹತ್ತು ಮಿಲಿಗ್ರಾಂ ಕೂಡ ಇಲ್ಲ. ಅದರಲ್ಲಿ ಕಳೆದುಕೊಳ್ಳಲು ಇರುವುದೇ ಅಷ್ಟು. ಅನಾನಸ್‌ನ ಕತೆ ಬೇರೆ. ಅದರಲ್ಲಿ ಪಿಷ್ಟದ ದಾಸ್ತಾನು ಇಲ್ಲ, ಹಾಗಾಗಿ ಕಿತ್ತ ಮೇಲೆ ಸಿಹಿ ಆಗುವುದಿಲ್ಲ. ಎಷ್ಟೇ ದಿನ ಇಟ್ಟರೂ ಸಿಪ್ಪೆ ಹಳದಿ ಆಗಬಹುದು, ರುಚಿ ಕಿತ್ತ ದಿನದ್ದೇ. ಕಿತ್ತಳೆ, ದ್ರಾಕ್ಷಿ, ದಾಳಿಂಬೆಯೂ ಇದೇ ಗುಂಪಿಗೆ ಸೇರಿದವು.

ಏರದೆ ಇಳಿಯದೆ ಇರುವವೂ ಇವೆ. ಪೊಟ್ಯಾಸಿಯಂ, ಮೆಗ್ನೀಸಿಯಂ ತರಹದ ಖನಿಜಗಳು ಎಲ್ಲಿಗೂ ಹೋಗುವುದಿಲ್ಲ. ಹಣ್ಣು ಒಂದು ವಾರ ಇಟ್ಟದ್ದೋ ಒಂದು ದಿನ ಇಟ್ಟದ್ದೋ ಅವಕ್ಕೆ ಲೆಕ್ಕವಿಲ್ಲ. ನಾರಿನಲ್ಲಿ ಸ್ವಲ್ಪ ಬದಲಾವಣೆ ಆಗುತ್ತದೆ. ಕಾಯಿಯನ್ನು ಗಟ್ಟಿ ಹಿಡಿದಿದ್ದ ಪೆಕ್ಟಿನ್ ಕರಗುವ ರೂಪಕ್ಕೆ ಬರುತ್ತದೆ, ಹಣ್ಣು ಮೆತ್ತಗಾಗುತ್ತದೆ.

ಇಲ್ಲಿ ಒಂದು ಲೆಕ್ಕ ಹೇಳಲೇಬೇಕು. "ಐವತ್ತು ಪರ್ಸೆಂಟ್ ವಿಟಮಿನ್ ಹೋಯ್ತು" ಅಂತ ಓದಿದಾಗ ಎದೆ ಧಸಕ್ ಅನ್ನುತ್ತದೆ, ಅಲ್ವಾ? ಆದರೆ ಯಾವುದರ ಐವತ್ತು ಅಂತ ಕೇಳಬೇಕು. ಸೀಬೆಯಲ್ಲಿ 100 ಗ್ರಾಂಗೆ 200 ಮಿಲಿಗ್ರಾಂಗೂ ಮೀರಿ ವಿಟಮಿನ್ ಸಿ ಇರಬಹುದು. ಅದರಲ್ಲಿ ಅರ್ಧ ಕಳೆದರೂ ನೂರರ ಹತ್ತಿರ ಉಳಿಯಿತು. ಈಗಷ್ಟೇ ಹಣ್ಣಾದ ಮಾವಿಗಿಂತ ಅದು ಇನ್ನೂ ಎರಡು ಮೂರು ಪಟ್ಟು ಮುಂದೆ. ಐಸಿಎಂಆರ್‌ನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದ ಪ್ರಕಾರ ಗಂಡಸರಿಗೆ ದಿನಕ್ಕೆ 80, ಹೆಂಗಸರಿಗೆ 65 ಮಿಲಿಗ್ರಾಂ ವಿಟಮಿನ್ ಸಿ ಬೇಕು. ಮಾರ್ಕೆಟ್‌ನಲ್ಲಿ ಎರಡು ದಿನ ಕೂತ ಒಂದು ಸೀಬೆಯೂ ಅದನ್ನು ತುಂಬುತ್ತದೆ. ವಿಟಮಿನ್ ಸಿಯೇ ಬೇಕು ಅಂದರೆ ಮಾವಿನ ವಯಸ್ಸು ಎಣಿಸುತ್ತಾ ಕೂರಬೇಡಿ, ಸೀಬೆ ತಿನ್ನಿ. ಸಿಪ್ಪೆ ಸಮೇತ ತಿನ್ನಿ, ಸಿಪ್ಪೆಯ ಕಡೆಯೇ ವಿಟಮಿನ್ ಜಾಸ್ತಿ. ಮುದ್ದೆ ಊಟದ ಜೊತೆ ತಿಂದರೆ ರಾಗಿಯಲ್ಲಿರುವ ಕಬ್ಬಿಣ ಮೈಗೆ ಹತ್ತಲಿಕ್ಕೂ ಸಹಾಯ.

"ಮರದಲ್ಲೇ ಹಣ್ಣಾದದ್ದು" ಅನ್ನುವ ಬೋರ್ಡು

ಇದರ ಬಗ್ಗೆ ನೀವು ಕೇಳಿಲ್ಲ. ಆದರೆ ನಿಮ್ಮವರ ಮಾತಿನ ಬುಡ ಇಲ್ಲಿದೆ ಅಂತ ನನಗೆ ಅನಿಸುತ್ತದೆ. ಮಾವು, ಬಾಳೆ, ಪರಂಗಿ, ಸಪೋಟ, ಸೀತಾಫಲ, ಹಲಸು ಇವೆಲ್ಲ ಬಲಿತ ಮೇಲೆ ಕಿತ್ತರೂ ಹಣ್ಣಾಗುವ ಜಾತಿ. ಎಥಿಲೀನ್ ಅನ್ನುವ ಅನಿಲವನ್ನು ಇವು ತಾವೇ ಹುಟ್ಟಿಸಿಕೊಂಡು ಮಾಗುತ್ತವೆ. ಮರದಲ್ಲಿ ನಡೆಯುವುದೂ ಇದೇ, ಅಡೆಯಲ್ಲಿ ನಡೆಯುವುದೂ ಇದೇ. ಬಾದಾಮಿಯ ವಿಷಯದಲ್ಲಂತೂ ಪೂರ್ತಿ ಮರದಲ್ಲೇ ಬಿಡುವುದು ಲಾಭಕ್ಕಿಂತ ನಷ್ಟ. ಹೊರಗೆ ಚಂದ ಕಾಣುವ ಹಣ್ಣನ್ನು ಕೊಯ್ದರೆ ಗೊರಟೆಯ ಸುತ್ತ ಸ್ಪಂಜಿನಂತೆ ಬಿಳಿಚಿಕೊಂಡ, ಹುಳಿಹುಳಿ ತಿರುಳು ಸಿಗುತ್ತದಲ್ಲ, ಆ ತೊಂದರೆ ಹಣ್ಣು ಮರದಲ್ಲಿ ಹೆಚ್ಚು ದಿನ ನಿಂತಷ್ಟೂ ಜಾಸ್ತಿ. ಅದಕ್ಕೇ ಸ್ವಲ್ಪ ಮುಂಚೆ, ಬಲಿತ ಹಸಿರು ಕಾಯಿ ಇರುವಾಗಲೇ ಕೊಯ್ಯಿರಿ ಅಂತ ಬೆಳೆಗಾರರಿಗೆ ಹೇಳುವುದು. ನಿಮ್ಮ ಭಾವ ಮಾಡುತ್ತಿರುವುದು ಸರಿಯಾಗಿಯೇ ಇದೆ.

ನಿಜವಾದ ನಷ್ಟ ಎಳೆಗಾಯಿಯಲ್ಲಿ. ಏಪ್ರಿಲ್ ಮೊದಲಿಗೆ ಮಂಡಿಯಲ್ಲಿ ರೇಟು ಚೆನ್ನಾಗಿರುತ್ತದೆ. ಆಗ ಬಲಿಯದ ಕಾಯಿಯನ್ನೂ ಇಳಿಸುತ್ತಾರೆ. ಅದರೊಳಗೆ ಪಿಷ್ಟ ತುಂಬಿರುವುದಿಲ್ಲ. ಹಣ್ಣು ಮಾಡುವ ಯಾವ ವಿಧಾನವೂ ಇಲ್ಲದ್ದನ್ನು ತಂದು ಹಾಕಲಾರದು. ಸಿಪ್ಪೆ ಹಳದಿ ಆಗುತ್ತದೆ, ಒಳಗೆ ಬಣ್ಣವೂ ಇಲ್ಲ, ಸಿಹಿಯೂ ಇಲ್ಲ, ಕ್ಯಾರೊಟೀನೂ ಇಲ್ಲ.

ಬಲಿತಿದೆಯಾ ಇಲ್ಲವಾ ಅಂತ ಮನೆಯಲ್ಲೇ ನೋಡಬಹುದು. ತೊಟ್ಟಿನ ಪಕ್ಕದ ಭುಜ ತುಂಬಿಕೊಂಡು ತೊಟ್ಟಿಗಿಂತ ಮೇಲೆದ್ದಿರಬೇಕು, ತೊಟ್ಟು ಸಣ್ಣ ಗುಂಡಿಯಲ್ಲಿ ಕೂತ ಹಾಗೆ ಕಾಣಬೇಕು. ಇನ್ನೂ ಸಂಶಯ ಇದ್ದರೆ ಬಕೆಟ್ ನೀರಿಗೆ ಹಾಕಿ. ಚೆನ್ನಾಗಿ ಬಲಿತ ಕಾಯಿ ಮುಳುಗುತ್ತದೆ, ಎಳೆಯದು ತೇಲುತ್ತದೆ. ತೇಲಿದ್ದನ್ನು ಅಡೆಗೆ ಹಾಕಿ ಕಾಯಬೇಡಿ. ಚಿತ್ರಾನ್ನಕ್ಕೋ ಗೊಜ್ಜಿಗೋ ಬಳಸಿಬಿಡಿ. ವಿಟಮಿನ್ ಸಿ ಕಾಯಿಯಲ್ಲೇ ಜಾಸ್ತಿ ಅಂತ ಆಗಲೇ ಹೇಳಿದೆನಲ್ಲ, ಅದೂ ವ್ಯರ್ಥ ಆಗುವುದಿಲ್ಲ.

ಅಡೆ ಹಾಕುವಾಗ ಒಂದೆರಡು ವಿಷಯ ಗಮನಿಸಿ. ಹುಲ್ಲಿನ ಕೆಲಸ ಎಥಿಲೀನ್ ಮತ್ತು ಬಿಸಿಯನ್ನು ಹಿಡಿದಿಡುವುದು. ಅಕ್ಕಿ ಡಬ್ಬದಲ್ಲಿ ಹೂತಿಡುವುದಕ್ಕೂ ಇದೇ ಕಾರಣ. ಆದರೆ ರಾಶಿ ದೊಡ್ಡದಾದರೆ ಹಣ್ಣಿನ ಉಸಿರಿನ ಶಾಖವೇ ಒಳಗೆ ಕೂಡಿಕೊಂಡು ನಡುವಿನ ಹಣ್ಣು ಬೆಂದಂತಾಗುತ್ತದೆ, ಕೆಳಗಿನದು ಭಾರಕ್ಕೆ ಜಜ್ಜಿ ಹೋಗುತ್ತದೆ. ಒಂದು ಅಥವಾ ಎರಡೇ ಪದರ ಇರಲಿ. ದಿನಕ್ಕೊಮ್ಮೆ ಬಿಚ್ಚಿ ಗಾಳಿ ಆಡಿಸಿ, ಹಣ್ಣಾದದ್ದನ್ನು ಆಚೆ ತೆಗೆಯಿರಿ. 20ರಿಂದ 25 ಡಿಗ್ರಿ ಇರುವ ಕಡೆ ಬಣ್ಣ, ವಾಸನೆ ಎರಡೂ ಚೆನ್ನಾಗಿ ಬರುತ್ತವೆ. ಮೇ ತಿಂಗಳಲ್ಲಿ ಶೀಟಿನ ಮನೆ ಅಥವಾ ತಾರಸಿ ಕೋಣೆ ಬೇಡ, ಕೆಳಗಿನ ತಂಪು ಮೂಲೆ ಹುಡುಕಿ. ಬೇಗ ಬೇಕು ಅಂದರೆ ಒಂದು ಮಾಗಿದ ಬಾಳೆಹಣ್ಣು ಜೊತೆಗಿಡಿ, ಅದು ಬಿಡುವ ಎಥಿಲೀನ್ ಸಾಕು.

ಮುಂದಿನ ಸಲ ಭಾವನವರಿಗೆ ಎರಡು ಮಾತು ಹೇಳಿ. ತೊಟ್ಟು ಸ್ವಲ್ಪ ಉಳಿಸಿ ಕೊಯ್ಯಲಿ, ಇಲ್ಲದಿದ್ದರೆ ಸೊನೆ ಹರಿದು ಸಿಪ್ಪೆ ಸುಡುತ್ತದೆ, ಅಲ್ಲಿಂದಲೇ ಕಪ್ಪು ಶುರು. ಎರಡನೆಯದು, ಕಾಯಿ ನೆಲಕ್ಕೆ ಬೀಳದಿರಲಿ. ಪೆಟ್ಟು ಬಿದ್ದ ಜಾಗದಲ್ಲಿ ಜೀವಕೋಶ ಒಡೆದು, ಬೇರೆ ಬೇರೆ ಇದ್ದ ಕಿಣ್ವ ಮತ್ತು ವಿಟಮಿನ್ ಒಂದಕ್ಕೊಂದು ತಾಗುತ್ತವೆ. ಗಾಳಿಯೂ ಸೇರಿದಾಗ ವಿಟಮಿನ್ ಸಿ ಬೇಗ ಹಾಳಾಗುತ್ತದೆ. ಹಣ್ಣು ಹಾಳಾಗಲಿಕ್ಕೆ ಒಂದು ಎಸೆತ ಸಾಕು. ಲಾರಿಯಿಂದ ಕ್ರೇಟ್ ಎಸೆಯುವುದನ್ನು ನೋಡುವಾಗಲೆಲ್ಲ ನನಗೆ ಹೊಟ್ಟೆ ಉರಿಯುವುದು ಇದಕ್ಕೇ.

ಫ್ರಿಜ್ ಶತ್ರುವಲ್ಲ, ಸಮಯ ತಪ್ಪಿದರೆ ಮಾತ್ರ ಶತ್ರು

ಪಕ್ಕದ ಮನೆಯವರ ಮಾತು ಪೂರ್ತಿ ಸುಳ್ಳು ಅನ್ನಲಾರೆ. ಹಸಿರು ಮಾವಿನಕಾಯಿಯನ್ನು ನೇರವಾಗಿ ಫ್ರಿಜ್‌ಗೆ ಇಟ್ಟರೆ ಅದು ಕೆಡುತ್ತದೆ. ಉಷ್ಣವಲಯದ ಹಣ್ಣಿಗೆ ಚಳಿ ಗೊತ್ತಿಲ್ಲ. ಮಾವು, ಬಾಳೆ ಎರಡಕ್ಕೂ ಸುಮಾರು 13 ಡಿಗ್ರಿಗಿಂತ ಕೆಳಗೆ ಕಷ್ಟ ಶುರು. ಮನೆಯ ಫ್ರಿಜ್ 4 ಡಿಗ್ರಿ ಆಸುಪಾಸು ಇರುತ್ತದೆ. ಅಲ್ಲಿಟ್ಟ ಕಾಯಿಯ ಸಿಪ್ಪೆ ಬೂದು ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಹೊರಗೆ ತೆಗೆದರೂ ಸರಿಯಾಗಿ ಹಣ್ಣಾಗುವುದಿಲ್ಲ. ಕೇಸರಿ ಬಣ್ಣ ಬರುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಅಂದರೆ ಕ್ಯಾರೊಟೀನ್ ಬರಬೇಕಾದಷ್ಟು ಬರಲಿಲ್ಲ ಅಂತ ಅರ್ಥ.

ಆದರೆ ಪೂರ್ತಿ ಹಣ್ಣಾದ ಮೇಲೆ ಫ್ರಿಜ್‌ನಲ್ಲಿ ಇಟ್ಟರೆ ಉಸಿರಾಟ ನಿಧಾನ ಆಗುತ್ತದೆ, ವಿಟಮಿನ್ ಸಿ ಇಳಿಯುವುದೂ ನಿಧಾನ ಆಗುತ್ತದೆ. ಮೇ ತಿಂಗಳ ಬಿಸಿಯಲ್ಲಿ ಅಡುಗೆಮನೆ ಕಟ್ಟೆಯ ಮೇಲೆ ಎರಡು ದಿನ ಇಡುವುದಕ್ಕಿಂತ ಫ್ರಿಜ್‌ನಲ್ಲಿ ನಾಲ್ಕೈದು ದಿನ ಇಡುವುದು ವಾಸಿ. ವಾಸನೆ ಸ್ವಲ್ಪ ಮಂಕಾಗುತ್ತದೆ, ತಿನ್ನುವ ಮುಂಚೆ ಅರ್ಧ ಗಂಟೆ ಹೊರಗಿಡಿ. ಬಾಳೆಗೂ ಇದೇ ನಿಯಮ. ಹಣ್ಣಾದದ್ದನ್ನು ಇಟ್ಟರೆ ಸಿಪ್ಪೆ ಕಪ್ಪಾಗುತ್ತದೆ, ಒಳಗಿನ ಹಣ್ಣು ಚೆನ್ನಾಗಿಯೇ ಇರುತ್ತದೆ. ಇಡೀ ಅನಾನಸ್ ಮಾತ್ರ ಬಹಳ ದಿನ ಫ್ರಿಜ್‌ನಲ್ಲಿ ಬೇಡ, ನಡುವಿನ ದಿಂಡಿನ ಸುತ್ತ ಕಂದು ಆಗುತ್ತದೆ, ಅದರ ಜೊತೆ ವಿಟಮಿನ್ ಸಿಯೂ ಇಳಿಯುತ್ತದೆ.

ಎರಡು ಬಾಕ್ಸ್ ಒಟ್ಟಿಗೆ ಹಣ್ಣಾಗಿ ಬಿಟ್ಟರೆ ತಿರುಳು ತೆಗೆದು ಫ್ರೀಜರ್‌ಗೆ ಹಾಕಿ. ಸಣ್ಣ ಜಿಪ್ ಕವರ್‌ನಲ್ಲಿ ತೆಳ್ಳಗೆ ಹರಡಿ, ಗಾಳಿ ಪೂರ್ತಿ ಹಿಂಡಿ ಮುಚ್ಚಿ. ಮೈನಸ್ 18 ಡಿಗ್ರಿಯಲ್ಲಿ ಕ್ಯಾರೊಟೀನ್, ವಿಟಮಿನ್ ಸಿ ಎರಡೂ ತಿಂಗಳುಗಟ್ಟಲೆ ಚೆನ್ನಾಗಿ ಉಳಿಯುತ್ತವೆ. ಬಿಸಿಲಲ್ಲಿ ಒಣಗಿಸಿದ ಮಾವಿನ ಹಪ್ಪಳದಲ್ಲಿ ವಿಟಮಿನ್ ಸಿ ಹೆಚ್ಚು ಕಡಿಮೆ ಮರೆತುಬಿಡಿ, ಬೆಳಕಿಗೆ ಕ್ಯಾರೊಟೀನೂ ಕುಂದುತ್ತದೆ. ಅದು ರುಚಿಗೆ. ಡಬ್ಬಿಯ ಪಲ್ಪ್ ಕಾಯಿಸಿದ್ದು, ಅದರಲ್ಲಿ ಕ್ಯಾರೊಟೀನ್ ಬಹುಪಾಲು ಇರುತ್ತದೆ, ವಿಟಮಿನ್ ಸಿ ಇಳಿದಿರುತ್ತದೆ, ಸಕ್ಕರೆ ಎಷ್ಟು ಬೆರೆಸಿದ್ದಾರೆ ಅಂತ ಲೇಬಲ್ ನೋಡಿ.

ಕ್ಯಾರೊಟೀನ್ ಮೈಗೆ ಹತ್ತಬೇಕಾದರೆ ಜೊತೆಗೆ ಸ್ವಲ್ಪ ಜಿಡ್ಡು ಬೇಕು. ಊಟ ಆದ ಮೇಲೆ ಹಣ್ಣು ತಿನ್ನುವ, ಹಾಲು ಹಾಕಿ ಸೀಕರಣೆ ಮಾಡುವ ನಮ್ಮ ರೂಢಿ ಈ ದೃಷ್ಟಿಯಿಂದ ಸರಿಯಾಗಿದೆ. ಬೆಲ್ಲ ಮಾತ್ರ ಕಡಿಮೆ ಹಾಕಿ, ಬಾದಾಮಿಗೆ ಅದು ಬೇಕಾಗಿಯೇ ಇಲ್ಲ.

ಮಗಳ ಡಬ್ಬಿ

ಬೆಳಿಗ್ಗೆ ಏಳಕ್ಕೆ ಹೆಚ್ಚಿ ಮಧ್ಯಾಹ್ನ ಒಂದಕ್ಕೆ ತಿಂದರೆ ವಿಟಮಿನ್ ನಷ್ಟ ದೊಡ್ಡದಲ್ಲ. ಹೆಚ್ಚಿದ ಹಣ್ಣನ್ನು 5 ಡಿಗ್ರಿಯಲ್ಲಿ ಆರು ದಿನ ಇಟ್ಟು ಅಳೆದು ನೋಡಿದ್ದಾರೆ. ಮಾವಿನ ಹೋಳಿನಲ್ಲಿ ವಿಟಮಿನ್ ಸಿ ನಷ್ಟ ಶೇಕಡ 5ರ ಒಳಗೇ ಇತ್ತು, ಅನಾನಸ್‌ನಲ್ಲಿ ಶೇಕಡ 10. ಹೋಳುಗಳು ನೋಡಲಿಕ್ಕೆ ಬಾಡಿ ಬೇಡವಾದರೂ ಪೋಷಕಾಂಶ ಬಹುಪಾಲು ಇನ್ನೂ ಇದ್ದೇ ಇರುತ್ತದೆ. "ಹೆಚ್ಚಿದ ಹತ್ತು ನಿಮಿಷಕ್ಕೇ ವಿಟಮಿನ್ ಹಾರಿಹೋಗುತ್ತೆ" ಅನ್ನುವ ಮಾತಿಗೆ ಆಧಾರವಿಲ್ಲ.

ನನಗೆ ಚಿಂತೆ ಬೇರೆ. ಪರಂಗಿಯಲ್ಲಿ ಹುಳಿ ಬಹಳ ಕಡಿಮೆ. ಮಾವಿನ, ಅನಾನಸ್‌ನ ಹುಳಿ ಬ್ಯಾಕ್ಟೀರಿಯಾವನ್ನು ಸ್ವಲ್ಪ ತಡೆಯುತ್ತದೆ, ಪರಂಗಿಗೆ ಆ ರಕ್ಷಣೆ ಇಲ್ಲ. ಸಿಪ್ಪೆ ತೊಳೆಯದೆ ಕೊಯ್ದರೆ ಸಿಪ್ಪೆಯ ಮೇಲಿದ್ದದ್ದು ಚಾಕುವಿನ ಜೊತೆ ಒಳಗೆ ಹೋಗುತ್ತದೆ. ಆಮೇಲೆ ಮುಚ್ಚಿದ ಡಬ್ಬಿ, ಬಸ್ಸು, ಬಿಸಿ, ಆರು ಗಂಟೆ. ಹೆಚ್ಚಿದ ಹಣ್ಣು ಹೊರಗಿನ ಬಿಸಿಯಲ್ಲಿ ಎರಡು ಗಂಟೆಗಿಂತ ಜಾಸ್ತಿ ಇರಬಾರದು ಅನ್ನುವುದು ಸಾಮಾನ್ಯ ನಿಯಮ. ಬಿರು ಬೇಸಿಗೆಯಲ್ಲಿ ಒಂದೇ ಗಂಟೆ. ಹಾಗಾಗಿ ಇಡೀ ಹಣ್ಣನ್ನು ಮೊದಲು ಹರಿಯುವ ನೀರಿನಲ್ಲಿ ಉಜ್ಜಿ ತೊಳೆದು, ರಾತ್ರಿಯೇ ಹೆಚ್ಚಿ ಫ್ರಿಜ್‌ನಲ್ಲಿಟ್ಟು, ಬೆಳಿಗ್ಗೆ ತಣ್ಣಗಿನ ಡಬ್ಬಿಯನ್ನು ಐಸ್ ಪ್ಯಾಕ್ ಜೊತೆ ಒಯ್ಯಲಿ. ಆಫೀಸಿನಲ್ಲಿ ಫ್ರಿಜ್ ಇದ್ದರೆ ಹೋದ ಕೂಡಲೇ ಅದರೊಳಗೆ ಇಡಲಿ. ಇದೆಲ್ಲ ತಲೆನೋವು ಅನಿಸಿದರೆ ಪರಂಗಿ ಮನೆಯಲ್ಲೇ ತಿಂದು ಡಬ್ಬಿಗೆ ಒಂದು ಇಡೀ ಸೀಬೆ ಹಾಕಿಕೊಳ್ಳಲಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಕಿರಣ್ ತರಹದ ಕೆಂಪು ತಿರುಳಿನ ಸೀಬೆ ಸಿಕ್ಕರೆ ಪರಂಗಿಯಲ್ಲಿ ಸಿಗುವ ಲೈಕೊಪೀನೂ ಅದರಲ್ಲೇ ಬಂತು. ರಸ್ತೆ ಬದಿ ಹೆಚ್ಚಿಟ್ಟ ಹಣ್ಣಿನ ಬಗ್ಗೆ ನಾನು ಬೇಡ ಅನ್ನುವುದೂ ಇದೇ ಕಾರಣಕ್ಕೆ.

ಕಾರ್ಬೈಡ್

ಈ ಭಯಕ್ಕೆ ಆಧಾರ ಇದೆ. ಕ್ಯಾಲ್ಸಿಯಂ ಕಾರ್ಬೈಡ್ ತೇವ ತಾಗಿದರೆ ಅಸಿಟಿಲೀನ್ ಅನಿಲ ಬಿಡುತ್ತದೆ. ಅದು ಎಥಿಲೀನ್‌ನಂತೆ ನಟಿಸಿ ಹಣ್ಣಿಗೆ ಬಣ್ಣ ತರಿಸುತ್ತದೆ. ಕೈಗಾರಿಕೆಗೆ ಮಾಡಿದ ಕಾರ್ಬೈಡ್‌ನಲ್ಲಿ ಆರ್ಸೆನಿಕ್ ಮತ್ತು ರಂಜಕದ ಅಂಶ ಸೇರಿರುತ್ತದೆ. 2011ರ ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ಇದರಿಂದ ಹಣ್ಣು ಮಾಡಿ ಮಾರುವುದು ನಿಷಿದ್ಧ. ಅದರ ಬದಲು ಎಥಿಲೀನ್ ಅನಿಲವನ್ನು, ಹತ್ತು ಲಕ್ಷ ಭಾಗ ಗಾಳಿಗೆ 100 ಭಾಗದವರೆಗೆ, ಬಳಸಲು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಒಪ್ಪಿಗೆ ಕೊಟ್ಟಿದೆ. ಇದು ಹಣ್ಣು ತಾನೇ ಬಿಡುವ ಅನಿಲವೇ. ಎಥಿಲೀನ್ ಕೋಣೆಯಲ್ಲಿ ಮಾಗಿದ ಬಲಿತ ಕಾಯಿಗೂ ಹುಲ್ಲಿನಲ್ಲಿ ಮಾಗಿದ್ದಕ್ಕೂ ಪೋಷಕಾಂಶದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರುವುದಿಲ್ಲ. "ಔಷಧಿ ಹಾಕಿದ್ದು" ಅಂತ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

ಕಣ್ಣಿನಿಂದಲೇ ಕಾರ್ಬೈಡ್ ಹಣ್ಣು ಪತ್ತೆ ಮಾಡುತ್ತೇನೆ ಅನ್ನುವವರನ್ನು ನಾನು ಪೂರ್ತಿ ನಂಬುವುದಿಲ್ಲ. ಒಂದೇ ಸಮನೆ ಹಳದಿ ಬಣ್ಣ ಎಥಿಲೀನ್ ಕೋಣೆಯಲ್ಲೂ ಬರುತ್ತದೆ. ಸಿಪ್ಪೆಯ ಮೇಲೆ, ತೊಟ್ಟಿನ ಸುತ್ತ ಬಿಳಿ-ಬೂದು ಪುಡಿ, ಹೊರಗೆ ಹಳದಿ ಇದ್ದೂ ವಾಸನೆಯೇ ಇಲ್ಲದಿರುವುದು, ಕೊಯ್ದರೆ ಗೊರಟೆಯ ಹತ್ತಿರ ಬಿಳಿಚು ಮತ್ತು ಹುಳಿ, ಇವೆಲ್ಲ ಒಟ್ಟಿಗೆ ಇದ್ದರೆ ಅನುಮಾನ ಪಡಿ. ಏಪ್ರಿಲ್ ಮೊದಲ ವಾರದ ಥಳಥಳ ಬಾದಾಮಿಗೆ ಮನಸ್ಸು ಸೋಲಬೇಡಿ. ಯಾವ ಹಣ್ಣೇ ಆಗಲಿ ಹರಿಯುವ ನೀರಿನಲ್ಲಿ ತೊಳೆದು, ಮಾವಿನ ಸಿಪ್ಪೆ ತೆಗೆದು ತಿನ್ನಿ. ಒಂದು ಗಂಟೆ ನೀರಲ್ಲಿ ನೆನೆಸುವ ರೂಢಿ ಇದ್ದರೆ ಬಿಡಬೇಕಿಲ್ಲ. ಸೊನೆ, ದೂಳು ಹೋಗುತ್ತದೆ, ಹಣ್ಣು ತಂಪಾಗುತ್ತದೆ. ಸಿಪ್ಪೆ ಒಡೆಯದಿದ್ದರೆ ವಿಟಮಿನ್ ನೀರಿಗೆ ಇಳಿದುಹೋಗುವ ಭಯವೂ ಇಲ್ಲ.

ಅತ್ತೆಯವರ ಬಾಳೆಹಣ್ಣು

ಇದರಲ್ಲಿ ಅವರ ಡಾಕ್ಟರ್ ಮಾತೇ ಕೊನೆ ಮಾತು. ಹಣ್ಣಿನ ಕಡೆಯ ಲೆಕ್ಕ ಮಾತ್ರ ನಾನು ಹೇಳುತ್ತೇನೆ. ಹಸಿರು ಬಾಳೆಕಾಯಿಯ ತಿರುಳಿನಲ್ಲಿ 100 ಗ್ರಾಂಗೆ 20 ಗ್ರಾಂಗೂ ಹೆಚ್ಚು ಪಿಷ್ಟ ಇರುತ್ತದೆ. ಅದರಲ್ಲಿ ಒಂದು ಪಾಲು ಸಣ್ಣ ಕರುಳಿನಲ್ಲಿ ಜೀರ್ಣ ಆಗದೆ ಮುಂದೆ ಹೋಗುವಂಥದ್ದು, ನಾರಿನ ಹಾಗೆ ಕೆಲಸ ಮಾಡುತ್ತದೆ. ಪೂರ್ತಿ ಹಣ್ಣಾದಾಗ ಉಳಿಯುವ ಪಿಷ್ಟ ಒಂದೆರಡು ಗ್ರಾಂ ಮಾತ್ರ, ಮಿಕ್ಕದ್ದೆಲ್ಲ ಸಕ್ಕರೆ. ಪಿಷ್ಟ, ಸಕ್ಕರೆ ಎರಡೂ ಸೇರಿದ ಒಟ್ಟು ಕಾರ್ಬೋಹೈಡ್ರೇಟ್ ಜಾಸ್ತಿ ಆಗುವುದಿಲ್ಲ, ಆದರೆ ರಕ್ತಕ್ಕೆ ಸೇರುವ ವೇಗ ಜಾಸ್ತಿ ಆಗುತ್ತದೆ. ಚುಕ್ಕೆ ಬಿದ್ದ ಹಣ್ಣು ಆ ಸಾಲಿನಲ್ಲಿ ಕೊನೆಯದು. ಚುಕ್ಕೆ ಬಿದ್ದರೆ ಏನೋ ವಿಶೇಷ ಔಷಧಿ ಗುಣ ಬರುತ್ತದೆ ಅನ್ನುವ ಮೆಸೇಜು ಓಡಾಡುತ್ತಿರುತ್ತದೆ, ಅದನ್ನು ನಂಬಿ ತಿನ್ನುತ್ತಿದ್ದರೆ ಬಿಡಿಸಿ.

ಅವರಿಗೆ ಅದು ಇಷ್ಟ ಅನ್ನುವುದೂ ಮುಖ್ಯವೇ. ತೊಟ್ಟಿನ ಕಡೆ ಇನ್ನೂ ಸ್ವಲ್ಪ ಹಸಿರು ಇರುವಾಗ, ಹಳದಿ ಗಟ್ಟಿ ಹಣ್ಣು ಒಪ್ಪುತ್ತಾರಾ ನೋಡಿ. ಏಲಕ್ಕಿ ಬಾಳೆ ಗಾತ್ರದಲ್ಲಿ ಚಿಕ್ಕದು ಅನ್ನುವುದು ಅನುಕೂಲ. ಪಚ್ಚಬಾಳೆ ಒಂದು ತಿಂದರೆ ಬಹುಮಟ್ಟಿಗೆ ಏಲಕ್ಕಿ ಎರಡು ತಿಂದಷ್ಟಾಗುತ್ತದೆ. ಮಾವಿನ ದಿನ ಬಾಳೆ ಬೇಡ ಅಂತ ಮನೆಯಲ್ಲಿ ನಿಯಮ ಮಾಡಿಕೊಳ್ಳಿ, ಯಾಕೆಂದರೆ ಒಂದು ಮಧ್ಯಮ ಗಾತ್ರದ ಬಾದಾಮಿಯಲ್ಲೇ 25 ಗ್ರಾಂ ಆಸುಪಾಸು ಕಾರ್ಬೋಹೈಡ್ರೇಟ್ ಇರುತ್ತದೆ. ಅರ್ಧ ಹಣ್ಣು, ಹೋಳಾಗಿ, ರಸ ಮಾಡದೆ ಕೊಡಿ. ತಿಂದ ಎರಡು ಗಂಟೆಗೆ ಗ್ಲುಕೊಮೀಟರ್‌ನಲ್ಲಿ ಒಮ್ಮೆ ನೋಡಿ ಬರೆದಿಟ್ಟುಕೊಂಡು ಮುಂದಿನ ಸಲ ಡಾಕ್ಟರ್‌ಗೆ ತೋರಿಸಿದರೆ ಅವರಿಗೆ ಎಷ್ಟು ಹಿಡಿಸುತ್ತದೆ ಅನ್ನುವುದು ಗೊತ್ತಾಗುತ್ತದೆ.

ಒಂದು ಚಿಪ್ಪು ತಂದರೆ ಎಲ್ಲ ಒಟ್ಟಿಗೆ ಹಣ್ಣಾಗಿ ಚುಕ್ಕೆ ಬೀಳುತ್ತದೆ ಅನ್ನುವ ತೊಂದರೆ ಇದ್ದರೆ, ಅಂಗಡಿಯಲ್ಲಿ ಅರ್ಧ ಹಳದಿ, ಅರ್ಧ ಹಸಿರು ಚಿಪ್ಪು ಕೇಳಿ ಪಡೆಯಿರಿ. ಮಾವಿನ ಅಡೆಯಿಂದ ದೂರ ತೂಗು ಹಾಕಿ. ಹದಕ್ಕೆ ಬಂದ ದಿನ ಉಳಿದ ಹಣ್ಣುಗಳನ್ನು ಫ್ರಿಜ್‌ನ ಕೆಳಗಿನ ಖಾನೆಗೆ ಇಡಿ. ಸಿಪ್ಪೆ ಕಪ್ಪಾಗುತ್ತದೆ ಅಂತ ಅತ್ತೆಯವರಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಕೆಟ್ಟಿದೆ ಅಂತ ಆಚೆ ಹಾಕಿಬಿಟ್ಟಾರು.